ಹೊಸತೊಡಕಿನಂದು ಬಾಯಿಗೆ ಬೀಗ

ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಸಪ್ಪಲಮ್ಮನ ಬಾಯಿಗೆ ಹೆದರದವರು ಯಾರೂ ಇಲ್ಲ. ಗಂಡ ಸತ್ತ ಮೇಲೆ ಮಾರ್ಕೆಟ್ ರಸ್ತೆಯ ಫುಟ್‌ಪಾತಿನಲ್ಲಿ ಸೊಪ್ಪು ಮಾರಿ ಮಗ ಮುನಿರಾಜುವನ್ನು ಸಾಕಿದವಳು. ಆ ಮೂರಡಿ ಜಾಗವೇ ಅವಳ ಪ್ರಾಣ. "ನಾನ್ ಸತ್ರೆ ಹೆಣಾನ ಒಂದ್ ಗಳಿಗೆ ಅಲ್ಲಿ ಇಳಿಸ್ರಮ್ಮ" ಎಂದು ಪಕ್ಕದ ಮನೆಯ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಯುಗಾದಿಯ ಮಾರನೇ ದಿನ ಹೊಸತೊಡಕು. ಅಂದು ಅತ್ತರೆ ವರ್ಷವಿಡೀ ಅಳು, ಜಗಳವಾಡಿದರೆ ವರ್ಷವಿಡೀ ಜಗಳ ಎಂಬ ನಂಬಿಕೆ. ಹೋದ ವರ್ಷ ಅಂದೇ ಸಪ್ಪಲಮ್ಮ ಸೊಸೆ ರಮ್ಯಾಳ ಜೊತೆ ಕಿತ್ತಾಡಿದ್ದಳು. ಆಮೇಲೆ ಆ ಮನೆಯಲ್ಲಿ ಪಾತ್ರೆ ನೆಟ್ಟಗೆ ಉಳಿಯಲಿಲ್ಲ. ಈ ಸಲ ಬಾಯಿಗೆ ಬೀಗ ಎಂದು ಬೀದಿಗೆಲ್ಲ ಸಾರಿಕೊಂಡು ಬಂದಳು. ಸೊಸೆಯ ಕಿವಿಗೂ ಬಿತ್ತು. ಬೆಪ್ಪು ಮುದುಕಿ!

ಹಬ್ಬದ ಬೆಳಗ್ಗೆ ಯಾವನೋ ಸ್ಕೂಟರಿನವನು ಅವಳ ರಂಗೋಲಿಯ ಮೇಲೇ ಹಾಯಿಸಿಕೊಂಡು ಹೋದ. ನಕ್ಕಳು. ಗುಡಿಸಿದ ಬಾಗಿಲಿಗೆ ಮತ್ತೆ ಹೊಂಗೆ ಹೂ ಉದುರಿತು. ಮತ್ತೆ ಗುಡಿಸಿದಳು. ಕ್ಯೂ ನಿಂತ ಮಗ ಬರೀ ಮೂಳೆ ಮಟನ್ ತಂದ. "ಹೋಗ್ಲಿ ಬಿಡಪ್ಪ" ಎಂದಳು. ಜಗಲಿಯಲ್ಲಿ ಕೂತು ನಾನೂ ಅವಳೂ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿಂದೆವು. ಹುಳಿಗೆ ಒಂದು ಕಣ್ಣು ಮುಚ್ಚಿ, "ಆಹಾ, ಇದೇ ಕಣೇ ಸುಖ" ಎಂದಳು.

ಒಳಗಿನಿಂದ ರಮ್ಯಾ ಕೂಗಿದಳು. "ಅತ್ತೆ, ನೀವ್ ರುಬ್ಬಿದ್ ಮಸಾಲೆ ಚೆಲ್ಬಿಟ್ಟೆ. ಪ್ಯಾಕೆಟ್‌ದು ಹಾಕ್ದೆ."

ಸಪ್ಪಲಮ್ಮನ ಕತ್ತಿನ ನರ ಉಬ್ಬಿತು. "ಒಳ್ಳೇದಾಯ್ತಮ್ಮ" ಎಂದಳು.

ಅತ್ತೆ ಇನ್ನೂ ಉಡದ ಹಬ್ಬದ ಸೀರೆಯನ್ನು ಸೊಸೆ ಉಟ್ಟುಕೊಂಡು ಬಂದಳು. ಅದಕ್ಕೂ "ಚೆನ್ನಾಗ್ ಒಪ್ಪುತ್ತೆ" ಎಂದಾಯಿತು. ಆ ಮಾಟಗಾತಿ ಅತ್ತೆಯ ತಾಳ್ಮೆಯ ಆಳ ನೋಡುತ್ತಿದ್ದಾಳೆ ಎಂದು ನನಗೆ ಆಗಲೇ ಹೊಳೆಯಿತು.

ಊಟಕ್ಕೆ ನನ್ನನ್ನೂ ಕರೆದರು. ಎಲ್ಲರೂ ಎರಡು ತುತ್ತು ತಿಂದಿರಬೇಕು, ರಮ್ಯಾ ಮುದ್ದೆ ಬಡಿಸುತ್ತಾ ಹೇಳಿದಳು: "ಅತ್ತೆ, ನಾಳೆಯಿಂದ ನೀವು ಸೊಪ್ಪಿಗೆ ಹೋಗೋದ್ ಬೇಡ. ಜಾಗಾನ ನಮ್ ಅನಿಲಣ್ಣಂಗೆ ಕೊಟ್ಬಿಟ್ಟಿದೀವಿ. ಜ್ಯೂಸ್ ಗಾಡಿ ಇಡ್ತಾನಂತೆ. ನೀವ್ ಮನೇಲಿ ಆರಾಮಾಗಿರಿ."

ಮುನಿರಾಜು ತಲೆ ಎತ್ತಲಿಲ್ಲ. ಮೂಳೆ ಚೀಪುತ್ತಲೇ ಇದ್ದ. ಥೂ, ಇವನೊಬ್ಬ ಗಂಡಸು! "ಏನೇ ರಮ್ಯಾ" ಎಂದು ಬಾಯಿ ತೆಗೆದೆ. ಸಪ್ಪಲಮ್ಮ ನನ್ನ ಮೊಣಕಾಲನ್ನು ಗಟ್ಟಿಯಾಗಿ ಅದುಮಿದಳು. ಅವಳ ಕಣ್ಣು ತುಂಬಿತ್ತು.

"ಅಯ್ಯೋ, ಇವತ್ತು ಅಳ್ಬಾರ್ದು ಅತ್ತೆ" ಎಂದು ರಮ್ಯಾ ಬಗ್ಗಿ, ಅದೇ ಸೀರೆಯ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಯಾರಮ್ಮ ಅಳ್ತಿರೋದು?" ಸಪ್ಪಲಮ್ಮ ಹಲ್ಲು ಕಾಣುವಂತೆ ನಕ್ಕಳು. ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗಿಡಲು ಆಗಲಿಲ್ಲ. "ಹನ್ನೊಂದರ ಮೇಲೆ ಅಲ್ಲಿ ಬಿಸ್ಲು ಜಾಸ್ತಿ. ನನ್ ಕೊಡೆ ತಗೊಂಡ್ ಹೋಗಕ್ ಹೇಳು ನಿಮ್ಮಣ್ಣಂಗೆ."