ಎಡೆಯಲ್ಲಿಟ್ಟ ಗುಳಿಗೆ

ಬೆಳಗ್ಗೆ ರಕ್ತದೊತ್ತಡದ ಗುಳಿಗೆಯನ್ನು ಪಟ್ಟಿಯಿಂದ ಒತ್ತಿ ತೆಗೆಯುವಾಗ ‘ಚಟ್’ ಎಂದು ಸಣ್ಣ ಸದ್ದಾಗುತ್ತದಲ್ಲ, ಆಗ ನನ್ನ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತದೆ. ಮನೆಯವರು ನಗುತ್ತಾರೆ. ಅಗರಖೇಡದ ನಮ್ಮ ಪಕ್ಕದ ಮನೆಯ ಕಾಕಿ ಇದ್ದಿದ್ದರೆ ನಗುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಹಿಡಿದು, ಸುಮ್ಮನಿರು ಎಂದು ಕೈಸನ್ನೆ ಮಾಡುತ್ತಿದ್ದಳು...

ಕಾಕಿಗೂ ನಮಗೂ ನಂಟೇನಿರಲಿಲ್ಲ, ನಡುವೆ ಒಂದು ಗೋಡೆ ಇತ್ತು ಅಷ್ಟೇ. ಅವಳಿಗೆ ಮಕ್ಕಳಿರಲಿಲ್ಲ. ಅವಳ ಗಂಡ ಕಾಕಾನಿಗೆ ಮೂರ್ಛೆ ರೋಗ. ಕತ್ತು ಎಡಕ್ಕೆ ಹೊರಳಿ, ಬಲಗೈ ಮಡಚಿಕೊಂಡು, ನಿಂತಲ್ಲೇ ಬೀಳುತ್ತಿದ್ದ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದರೆ ನಮ್ಮೆಲ್ಲರ ಹಾಗೆ ಇರುತ್ತಿದ್ದ. ಸರಕಾರಿ ದವಾಖಾನೆಯಲ್ಲಿ ಅದು ಪುಕ್ಕಟೆ ಸಿಗುತ್ತಿತ್ತು. ಒಂದು ಬೇಸಿಗೆಯಲ್ಲಿ ಮೇಲಿನಿಂದಲೇ ಬರುವುದು ನಿಂತಿತು. ಅಷ್ಟು ಅಗ್ಗದ ಗುಳಿಗೆ ಇಟ್ಟು ಲಾಭವೇನು ಎಂದು ಹೊರಗಿನ ಅಂಗಡಿಯವರು ತರಿಸುತ್ತಲೇ ಇರಲಿಲ್ಲ. ಕಾಕಿ ಸಿಂದಗಿವರೆಗೂ ಹೋಗಿ ಬರಿಗೈಲಿ ಬಂದಳು. ಆ ದಿನಗಳಲ್ಲೇ ಕಬ್ಬಿಗೆ ನೀರು ಕಟ್ಟಲು ಹೋದ ಕಾಕಾ, ಪಾದವೂ ಪೂರಾ ಮುಳುಗದ ಕಾಲುವೆಯಲ್ಲಿ ಬೋರಲು ಬಿದ್ದು ಸತ್ತ. ಮಣ್ಣು ಕೊಟ್ಟು ಬಂದ ವಾರದಲ್ಲಿ ದವಾಖಾನೆಗೆ ಗುಳಿಗೆ ಬಂತು.

ಹಿರಿಯರ ಹಬ್ಬದ ದಿನ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಹೋಳಿಗೆ, ಧೋತರ, ತಂಬಾಕು, ಹೀಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಬಾಗಿಲು ಮುಚ್ಚಿ, ಅವರು ಉಣ್ಣಲಿ ಎಂದು ಹೊರಗೆ ಸುಮ್ಮನೆ ಕೂರುತ್ತೇವೆ. ಮತ್ತೆ ಒಳಗೆ ಹೋಗುವ ಮುಂಚೆ, ಉಣ್ಣುತ್ತಿರುವವರಿಗೆ ತಿಳಿಯಲೆಂದು ಕೆಮ್ಮಬೇಕು. ಆಮೇಲೆ ಎಡೆಯಲ್ಲಿದ್ದದ್ದನ್ನು ಬದುಕಿದ್ದವರು ತಿನ್ನಬೇಕು. ಆ ವರ್ಷ ಕಾಕಿ ಹೋಳಿಗೆಯ ಪಕ್ಕ ಒಂದು ಗುಳಿಗೆ ಪಟ್ಟಿ ಇಟ್ಟಳು. ನಮ್ಮವ್ವ ಬೇಡವೆಂದಳು.

“ಉಣ್ಣಾಕ ನಾ ಎಂದೂ ಕಡಿಮಿ ಮಾಡಿಲ್ಲಕ್ಕಾ,” ಅಂದಳು ಕಾಕಿ. “ಕಡಿಮಿ ಬಿದ್ದದ್ದು ಇದೊಂದ.”

ಆ ಕೋಣೆಗೆ ಕಿಟಕಿಯಿರಲಿಲ್ಲ, ಇನ್ನೊಂದು ಬಾಗಿಲೂ ಇರಲಿಲ್ಲ. ಹೊರಗೆ ಕುಳಿತಿದ್ದೆವು. ಒಳಗಿನಿಂದ ‘ಚಟ್’ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಇಲಿ ಇರಬೇಕು ಎಂದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಎದುರುಮನೆಯ ಹೊಸ ಸೊಸೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಕಾಕಿ ಕೆಮ್ಮಿ ಬಾಗಿಲು ತೆಗೆದಳು. ಹೋಳಿಗೆ ಇಟ್ಟ ಹಾಗೇ ಇತ್ತು. ಪಟ್ಟಿಯಲ್ಲಿ ಎರಡು ಗುಳಿಗೆ ಇರಲಿಲ್ಲ. ಹಿಂದಿನ ಬೆಳ್ಳಿ ಕಾಗದ ಬೆರಳಿನಿಂದ ಒತ್ತಿದ ಹಾಗೆ ಹೊರಕ್ಕೆ ಹರಿದಿತ್ತು. ಕಾಕಾ ದಿನಕ್ಕೆ ನುಂಗುತ್ತಿದ್ದದ್ದೂ ಎರಡೇ. ಕಾಕಿ ತಂಬಿಗೆಯಲ್ಲಿ ನೀರು ತಂದು ಎಡೆಯ ಪಕ್ಕ ಇಟ್ಟಳು.

ಆಗಷ್ಟೇ ನಾನು ವಿಜಯಪುರದಲ್ಲಿ ಕಾನೂನು ಪಾಠ ಹೇಳಲು ಸೇರಿದ್ದೆ. ಏನು ಕಲಿಸುತ್ತೀ ಎಂದು ಕಾಕಿ ಒಮ್ಮೆ ಕೇಳಿದಳು. ಔಷಧ ಸಿಗುವುದು ಮನುಷ್ಯನ ಹಕ್ಕು ಎಂದು ದೇಶದೇಶಗಳು ಕೂಡಿ ಒಡಂಬಡಿಕೆ ಮಾಡಿಕೊಂಡಿವೆ, ನಮ್ಮ ದೇಶವೂ ಒಪ್ಪಿದೆ, ಬೇಕಾದವರ ಕೈಗೆ ಮದ್ದು ಎಟುಕುವಂತೆ ಮಾಡುವುದು ಸರಕಾರದ ಹೊಣೆ ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಬಾಯಿಬಿಟ್ಟು ಕೇಳಾಕ ಆಗದಾಕಿಗೂ ಆ ಹಕ್ಕು ಐತೇನವ್ವಾ?”

“ಐತಿ ಕಾಕಿ. ಎಲ್ಲಾರಿಗೂ ಐತಿ.”

“ಹಂಗಾದ್ರ ಅದರ ಸಲುವಾಗಿ ಸುಳ್ಳು ಹೇಳಿದ್ರ ತಪ್ಪಲ್ಲ ಬಿಡು.”

ಯಾರ ವಿಷಯ ಎಂದು ಕೇಳಲು ನನಗೆ ಹೊಳೆಯಲಿಲ್ಲ. ಕೆಲವು ದಿನಗಳಲ್ಲೇ ಕಾಕಿ ದವಾಖಾನೆಯ ಸಾಲಿನಲ್ಲಿ ಬಿದ್ದಳು. ಅವ್ವನನ್ನು ತೋರಿಸಲು ಹೋಗಿದ್ದ ನಾನು ಕಣ್ಣಾರೆ ಕಂಡೆ. ಕತ್ತು ಎಡಕ್ಕೆ ಹೊರಳಿತು, ಬಲಗೈ ಮಡಚಿತು. ನೆಲದ ಮೇಲಿದ್ದದ್ದು ಕಾಕಾನ ಮುಖ... ನಮ್ಮೂರವರು ಸಾಲು ಬಿಟ್ಟು ಹಿಂದೆ ಸರಿದರು. ಸತ್ತವನಿಗೆ ಗುಳಿಗೆ ಇಟ್ಟಳು, ಅವನು ಬಂದು ಮೈಯಲ್ಲಿ ಹೊಕ್ಕ ಎಂದು ಊರು ಆಡಿಕೊಂಡಿತು. ಅಂದಿನಿಂದ ಕಾಕಿಯ ಹೆಸರಿಗೆ ತಿಂಗಳು ತಿಂಗಳು ಗುಳಿಗೆ ಸಿಗತೊಡಗಿತು. ಅವಳ ಹೊಸ್ತಿಲು ತುಳಿಯುವವರು ಇಲ್ಲವಾದರು. ಎದುರುಮನೆಯ ಸೊಸೆ ಮಾತ್ರ ದಿನಾ ಹಾಲು ಕೊಡಲು ಹೋಗುತ್ತಿದ್ದಳು.

ಹೀಗೇ ವರ್ಷಗಳು ಕಳೆದು, ಈ ಶ್ರಾವಣದಲ್ಲಿ ಕಾಕಿ ತೀರಿಕೊಂಡಳು. ಮಣ್ಣಿಗೆ ಹೋಗಿದ್ದಾಗ ಆ ಸೊಸೆ ನನ್ನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದಳು. ಮೂರ್ಛೆ ರೋಗ ಇದ್ದದ್ದು ಕಾಕಿಗಲ್ಲ, ಈ ಸೊಸೆಗೆ. ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ದರು. ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಬಿದ್ದವಳನ್ನು ನೀರಿನಿಂದ ಎಳೆದವಳು ಕಾಕಿ. ಅತ್ತೆಗೆ ಗೊತ್ತಾದರೆ ತವರಿಗೆ ಅಟ್ಟುತ್ತಾಳೆ ಎಂದು ಇವಳು ಅತ್ತಾಗ, ಕಾಕಿ ಆ ರೋಗವನ್ನೇ ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ಇನ್ನು ಗುಳಿಗೆ ತರುವವರು ಯಾರೂ ಇರಲಿಲ್ಲ. ನಾನು ನಿನ್ನ ಅತ್ತೆಯೊಂದಿಗೆ ಮಾತಾಡಲೇ ಎಂದರೆ ಕೈ ಮುಗಿದು ಬೇಡ ಎಂದಳು. ಹಾಗಾದರೆ ಎಡೆಯಲ್ಲಿನ ಗುಳಿಗೆ ತೆಗೆದವಳೂ ನೀನೇ ಅಲ್ಲವೇ ಎಂದೆ.

“ಇಲ್ಲರಿ ಅಕ್ಕಾರ. ಅವತ್ತ ನಾ ನಿಮ್ಮ ಬಾಜೂಕ ಕುಂತಿದ್ನಲ್ರಿ.”

ಹೌದು, ಕುಳಿತಿದ್ದಳು. ನನ್ನ ಕೈ ಹಿಡಿದೇ ಕುಳಿತಿದ್ದಳು...

ಹಿರಿಯರ ಹಬ್ಬಕ್ಕೆ ಕಾಕಾ, ಕಾಕಿ ಇಬ್ಬರಿಗೂ ನಮ್ಮ ಮನೆಯಲ್ಲೇ ಎಡೆ ಇಟ್ಟೆವು. ಸೊಸೆ ತನ್ನಲ್ಲಿ ಉಳಿದಿದ್ದ ಕೊನೆಯ ಪಟ್ಟಿ ತಂದಿಟ್ಟಳು. ಅವಳ ಅತ್ತೆಯೂ ಬಂದಿದ್ದಳು. ಬಾಗಿಲು ಮುಂದೆ ಮಾಡಿ ಕುಳಿತು ಕಿವಿಗೊಟ್ಟೆ. ಎಷ್ಟು ಹೊತ್ತಾದರೂ ಒಳಗೆ ಸದ್ದಿಲ್ಲ. ಕಾಕಿ ಇನ್ನಿಲ್ಲ ಎಂಬುದು ಮಣ್ಣು ಕೊಟ್ಟಾಗಲ್ಲ, ಆಗ ನನ್ನ ಮನಸ್ಸಿಗೆ ಇಳಿಯಿತು, ಅಳು ಬಂತು.

ಅವ್ವ ಕೆಮ್ಮಿ ಬಾಗಿಲು ತೆಗೆದಳು. ಸೊಸೆ ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ, ಎಡೆಯ ಮುಂದೆ ಕುಳಿತು ಪಟ್ಟಿ ಎತ್ತಿಕೊಂಡಳು. ಚಟ್. ಚಟ್. ಎರಡನ್ನೂ ಬಾಯಿಗೆ ಹಾಕಿಕೊಂಡಳು. ಅದು ಯಾರ ಗುಳಿಗೆ, ನೀನೇಕೆ ನುಂಗುತ್ತೀ ಎಂದು ಅತ್ತೆ ಹೊಸ್ತಿಲಲ್ಲೇ ನಿಂತು ಗದರಿದಳು. ಸೊಸೆಯ ಕತ್ತು ನಿಧಾನವಾಗಿ ಎಡಕ್ಕೆ ಹೊರಳಿತು.

“ನನ್ನವ ಅದಾವ.”

ದನಿ ಕಾಕಿಯದು. ಅತ್ತೆ ಕೈ ಮುಗಿದು ಹಿಂದೆ ಸರಿದಳು.

ಈಗ ಆ ಅತ್ತೆಯೇ ಗುಳಿಗೆ ಕೊಡಿಸಲು ಸೊಸೆಯನ್ನು ದವಾಖಾನೆಗೆ ಕರೆದೊಯ್ಯುತ್ತಾಳೆ, ಮೈಯಲ್ಲಿ ಹೊಕ್ಕ ಕಾಕಿ ಸಿಟ್ಟಾಗಬಾರದಲ್ಲ. ನಾನು ತರಗತಿಯಲ್ಲಿ ಆ ಒಡಂಬಡಿಕೆಯನ್ನು ಇನ್ನೂ ಕಲಿಸುತ್ತೇನೆ. ನಮ್ಮೂರಲ್ಲಿ ಅದು ಜಾರಿಗೆ ಬಂದ ಬಗೆಯನ್ನು ಮಾತ್ರ ಹೇಳುವುದಿಲ್ಲ. ಕತ್ತು ಹೊರಳಿಸುವುದನ್ನು ಕಾಕಿಯೇ ಸೊಸೆಗೆ ಕಲಿಸಿದ್ದಳೋ ಏನೋ, ಕೇಳುವ ಧೈರ್ಯ ನನಗಾಗಿಲ್ಲ. ಊರಲ್ಲಿ ಗೋಡೆಯಾಚೆಯ ಕಾಕಿಯ ಮನೆಗೆ ಬೀಗ ಬಿದ್ದಿದೆ. ಬೆಳಗ್ಗೆ ಗುಳಿಗೆ ಒತ್ತಿ ಬಾಗಿಲ ಕಡೆ ನೋಡುತ್ತೇನೆ. ಯಾರೂ ಕೆಮ್ಮುವುದಿಲ್ಲ.