ಅಪ್ಪನ ಮೊಬೈಲಿನಲ್ಲಿ ಮೂರನೇ ಪಾಠ

ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ನಾನು ಫೇಲಾಗಿದ್ದೆ. ಸಪ್ಲಿಮೆಂಟರಿಯಲ್ಲೂ ಹೋದರೆ ಅಮ್ಮ ಹೋಗುವ ಗಾರ್ಮೆಂಟ್ಸಿಗೇ ನಾನೂ ಸೇರಬೇಕು ಎಂದು ಅಪ್ಪ ಹೇಳಿಬಿಟ್ಟಿದ್ದ. ಅಪ್ಪ ಹೇಳಿದನೆಂದರೆ ಮುಗಿಯಿತು. ನನಗೋ ನರ್ಸಿಂಗ್ ಓದುವ ಆಸೆ.

ಆಗ ಕೈಹಿಡಿದದ್ದು ಇಂಟರ್‌ನೆಟ್ಟಿನ ಪುಕ್ಕಟೆ ಪಾಠಗಳು. ಯಾರೋ ಪುಣ್ಯಾತ್ಮ ಮೇಷ್ಟ್ರು ಇಡೀ ಬಯಾಲಜಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ವಿಡಿಯೋ ಹಾಕಿದ್ದರು. ದಾಸರಹಳ್ಳಿಯ ಬ್ರೌಸಿಂಗ್ ಸೆಂಟರಿನಲ್ಲಿ ಅವನ್ನು ಅಪ್ಪನ ಮೊಬೈಲಿನ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದು, ಅಪ್ಪ ಮನೆಯಲ್ಲಿದ್ದಾಗ ಇಯರ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಮೂರನೇ ಪಾಠ ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಅದು ಮನುಷ್ಯರ ಸಂತಾನೋತ್ಪತ್ತಿ. ಕಾಲೇಜಿನ ಮೇಡಂ ಕೂಡ ಅದನ್ನು "ಮನೇಲಿ ಓದ್ಕೊಳ್ಳಿ" ಎಂದು ಹಾರಿಸಿದ್ದರು. ಯಾವ ಮನೆಯಲ್ಲಿ? ಬಾಗಲಗುಂಟೆಯ ನಮ್ಮ ಒಂದೇ ಕೋಣೆಯಲ್ಲಿ, ಅಪ್ಪ, ಅಮ್ಮ, ಇಬ್ಬರು ತಂಗಿಯರ ನಡುವೆ ಕೂತೇ?

ಆದರೆ ಅದನ್ನು ಬಿಟ್ಟರೆ ಪಾಸಾಗುವ ಹಾಗಿರಲಿಲ್ಲ. ಪರೀಕ್ಷೆಗೆ ನಾಲ್ಕು ದಿನವಿದ್ದಾಗ, ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ, ಗೋಡೆಗೆ ಮುಖ ಮಾಡಿ ಕೂತು ಮೂರನೇ ಪಾಠ ಹಾಕಿದೆ. ಅರ್ಧವೂ ಆಗಿರಲಿಲ್ಲ, ಬಚ್ಚಲ ಚಿಲಕ ಸರಿದ ಸದ್ದಾಯಿತು. ಇಯರ್‌ಫೋನ್ ಕಿತ್ತು ಮೊಬೈಲನ್ನು ಅಪ್ಪನ ಅಂಗಿಯ ಜೇಬಿಗೆ ತುರುಕಿದೆ. ಅಪ್ಪ ಅಂಗಿ ತೊಟ್ಟು ಪೀಣ್ಯದ ಕಾರ್ಖಾನೆಗೆ ಹೊರಟುಹೋದ.

ಆಮೇಲೆ ಹೊಳೆಯಿತು, ವಿಡಿಯೋ ನಿಲ್ಲಿಸಿದ್ದೇನೆ, ಮುಚ್ಚಿಲ್ಲ. ಅಪ್ಪ ದಿನಾ ಊಟದ ಹೊತ್ತಿಗೆ ಜೊತೆಯವರಿಗೆಲ್ಲ ಕೇಳುವ ಹಾಗೆ ಮೊಬೈಲಿನಲ್ಲಿ ಹಳೇ ಹಾಡು ಹಾಕುತ್ತಿದ್ದ. ಇವತ್ತು ಬಟನ್ ಒತ್ತಿದರೆ ಶುರುವಾಗುವುದು ಹಾಡಲ್ಲ.

ಅಯ್ಯೋ ದೇವರೇ! ಪುಸ್ತಕ ತೆರೆದರೆ ಅಕ್ಷರಗಳೇ ಕಾಣಲಿಲ್ಲ. ಮಧ್ಯಾಹ್ನದ ಅನ್ನ ತಟ್ಟೆಯಲ್ಲೇ ಒಣಗಿತು. ಓಡಿಹೋಗೋಣವೆಂದರೆ ಚಿಕ್ಕಬಾಣಾವರದಲ್ಲಿ ರೈಲೇನೋ ಸಿಗುತ್ತದೆ, ಹೋಗಿ ಇಳಿಯುವುದಕ್ಕೆ ನನಗೊಂದು ಊರು ಬೇಕಲ್ಲ. ಅಪ್ಪನ ಏಟಿಗೆ ಅಷ್ಟು ಹೆದರಲಿಲ್ಲ. ಪರೀಕ್ಷೆಗೇ ಕಳಿಸದಿದ್ದರೆ ಎಂದು ಹೆದರಿದ್ದೆ.

ಸಂಜೆ ಅಪ್ಪ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಅಪ್ಪ ಚಪ್ಪಲಿ ಬಿಟ್ಟವನೇ ತಂಗಿಯರಿಗೆ, "ನೀವಿಬ್ರೂ ಆಚೆ ಆಡ್ಕೊಳ್ಳೋಗ್ರಿ" ಎಂದ.

"ಊಟದ್ ಟೈಮಲ್ಲಿ ನಿನ್ ಪಾಠ ಶುರುವಾಗೋಯ್ತು," ಎಂದ. "ಮೊದ್ಲು ಎಲ್ರೂ ನಕ್ರು. ಆಮೇಲೆ ಸುಮ್ನೆ ಕೂತ್ ನೋಡಿದ್ವಿ. ಪೂರ್ತಿ."

"ಪರೀಕ್ಷೆಗೆ ಬರುತ್ತಪ್ಪಾ, ಪುಸ್ತಕದಲ್ಲೇ ಇದೆ, ಬೇಕಾದ್ರೆ ತೋರಿಸ್ತೀನಿ..." ಅಳು ಬಂದುಬಿಟ್ಟಿತು.

"ಅಳ್ಬೇಡ. ಒಂದ್ ಮಾತ್ ಕೇಳ್ತೀನಿ. ಹುಟ್ಟೋ ಮಗು ಗಂಡೋ ಹೆಣ್ಣೋ ಅನ್ನೋದು ಗಂಡಸಿನ ಕಡೆಯಿಂದ್ಲೇ ಅಂದ್ರಲ್ಲ ಆ ಮೇಷ್ಟ್ರು. ನಿಜಾನಾ?"

ಅಮ್ಮನ ಕೈ ನಿಂತಿತು. ನಾವು ಮೂವರೂ ಹೆಣ್ಣು. ನನಗೆ ನೆನಪಿರುವಷ್ಟು ಕಾಲದಿಂದ, ಸಿಟ್ಟು ಬಂದಾಗಲೆಲ್ಲ ಅಪ್ಪ ಅಮ್ಮನ ಮುಖಕ್ಕೆ ಎಸೆಯುತ್ತಿದ್ದದ್ದು, ಬರೀ ಹೆಣ್ಣು ಹೆತ್ತೆ ಎಂಬ ಅದೊಂದೇ ಮಾತು. ಮೂರನೆಯವಳು ಹುಟ್ಟಿದ ಮೇಲೆ ಅಪ್ಪನ ತಾಯಿ ಅಮ್ಮನ ಕೈಯಡುಗೆ ಉಣ್ಣುವುದನ್ನೇ ಬಿಟ್ಟಿದ್ದಳು. ಈಗ ನಾನು ಹೌದು ಎಂದರೆ ಅದೆಲ್ಲ ಸುಳ್ಳು ಎಂದ ಹಾಗೆ, ಅದೂ ಅಪ್ಪನ ಎದುರಿಗೆ. ಬೆಳಿಗ್ಗೆಯಿಂದ ಅಷ್ಟು ಹೆದರಿದವಳು ಈಗ ಇನ್ನೂ ಹೆದರಿದೆ.

"ಹೌದಪ್ಪಾ," ಎಂದೆ. "ಅಮ್ಮಂದಿರ ಕೈಯಲ್ಲಿ ಏನೂ ಇಲ್ಲ."

ಅಪ್ಪ ಅಮ್ಮನ ಕಡೆ ತಿರುಗಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ನನ್ನ ಮುಂದಿಟ್ಟ. "ಪರೀಕ್ಷೆ ಮುಗಿಯೋಗಂಟ ನಿನ್ನತ್ರಾನೇ ಇರ್ಲಿ" ಎಂದು ಎದ್ದು ಹೊರಗೆ ಹೊರಟ.

"ಕೂತ್ಕೊಳ್ರೀ," ಎಂದಳು ಅಮ್ಮ. ಆ ದನಿಯಲ್ಲಿ ಅವಳು ಅಪ್ಪನಿಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪ ಕೂತ. ಅಮ್ಮ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದಳು.

"ಆ ಜಾಗ ಹಾಕೇ, ನಾನೂ ಕೇಳ್ತೀನಿ. ಸೌಂಡು ಜೋರಾಗಿ ಕೊಡು."