ಪೆಟ್ರೋಲಿನ ಒಡಲು, ಡೀಸೆಲ್ಲಿನ ತಲೆ

ಎಂಜಿನ್ ಬಗ್ಗೆ ನನಗೆ ಆಗ ಗೊತ್ತಿದ್ದದ್ದು ಇಷ್ಟೇ: ಅದರ ಎಣ್ಣೆ ಅಂಗಿಗೆ ಹತ್ತಿದರೆ ಸಾಬೂನು ಸವೆಯುತ್ತದೆ, ಕಲೆ ಹೋಗುವುದಿಲ್ಲ. ನನ್ನ ಗಂಡ ಟ್ಯಾಕ್ಸಿ ಓಡಿಸುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಸಾಂತಾಕ್ರೂಜಿನ ಒಂದು ಚಾಳಿನಲ್ಲಿ ನಮ್ಮದು ಒಂದೇ ಖೋಲಿ, ಒಂದು ಕೋಣೆಯ ಮನೆ. ಕಿಟಕಿಯ ಪಕ್ಕ ನನ್ನ ಹೊಲಿಗೆ ಮಶೀನು. ಚಾಳಿನ ಹೆಂಗಸರ ಜಂಪರುಗಳೆಲ್ಲ ನನ್ನ ಕೈಯಿಂದಲೇ ಆಗಬೇಕು. ವಿಜಾಪುರದಿಂದ ಬಂದವಳು ಈ ಊರಿನಲ್ಲಿ ಸಂಪಾದಿಸಿಕೊಂಡ ಜಾಗ ಅದು, ಸುಮ್ಮನೆ ಬಿಟ್ಟುಕೊಡುವವಳಲ್ಲ ನಾನು.

ಸ್ಟ್ಯಾಂಡಿನಲ್ಲಿ ಉಳಿದ ಟ್ಯಾಕ್ಸಿಗಳೆಲ್ಲ ಪೆಟ್ರೋಲಿನವು. ನಮ್ಮದು ಮಾತ್ರ ಡೀಸೆಲ್. ಒಂದೇ ಕಂಪನಿ ಒಂದೇ ಗಾಡಿಯನ್ನು ಎರಡು ಥರ ಮಾಡುತ್ತಿತ್ತು. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಆದರೆ ನಮ್ಮದು ಶುರುವಾದರೆ ಚಾಳಿನ ಪಾತ್ರೆಗಳೆಲ್ಲ ನಡುಗುತ್ತಿದ್ದವು. "ಲಾರಿ ಬಂತು" ಎಂದು ಜೊತೆಯವರು ಚುಡಾಯಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರು ಗಾಡಿಯಿಲ್ಲದೆ ಲೋಕಲ್ ರೈಲು ಹಿಡಿದು ಮನೆಗೆ ಬಂದರು. ಎಡಗೈಗೆ ಕರವಸ್ತ್ರ ಸುತ್ತಿತ್ತು.

"ಬ್ಲಾಕ್ ಸೀಳೇತಿ. ನಾ ಏನೂ ಮಾಡಿಲ್ಲ. ತಾನ ಸೀಳ್ತು," ಎಂದರು.

ಬ್ಲಾಕ್ ಎಂದರೆ ಎಂಜಿನ್ನಿನ ಒಡಲು, ನಾಲ್ಕು ಸಿಲಿಂಡರುಗಳನ್ನು ಹೊತ್ತ ಕಬ್ಬಿಣದ ದಿಮ್ಮಿ. ಕರವಸ್ತ್ರ ಬಿಚ್ಚಿದರೆ ಅಂಗೈ ಪೂರ್ತಿ ಬೊಬ್ಬೆ. ನೀರು ತುಂಬುವ ರೇಡಿಯೇಟರಿನ ಮುಚ್ಚಳ ತೆಗೆಯುವಾಗ ಹಬೆ ಬಡಿಯಿತಂತೆ. ಲೋಳೆಸರ ಹಚ್ಚಿದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ಆದರೆ ಆ ಮುಖ ನೋಡಿ ಅಂದು ಏನೂ ಕೇಳಲಿಲ್ಲ.

ಕೇಳಲಿಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ವರ್ಷಕ್ಕೊಮ್ಮೆ ಗಾಡಿಯನ್ನು ಸರಕಾರಿ ಸಾಹೇಬರಿಗೆ ತೋರಿಸಿ ಪಾಸ್ ಮಾಡಿಸಬೇಕು. ಬ್ರೇಕಿನ ರಗಳೆಯಿಂದ ನಮ್ಮದು ಆಗಲೇ ಎರಡು ಸಲ ನಪಾಸಾಗಿತ್ತು. ಮುಂದಿನ ಸೋಮವಾರ ಕೊನೆಯ ತಾರೀಕು. ಅಂದೂ ಹೋಗದಿದ್ದರೆ ಪರ್ಮಿಟ್ ರದ್ದು. ಪರ್ಮಿಟ್ ಹೋದರೆ ವಿಜಾಪುರದಲ್ಲಿ ಭಾವನವರ ಕಾಳಿನ ಅಂಗಡಿ. ಅಲ್ಲಿ ಇವರು ತಕ್ಕಡಿ ಹಿಡಿಯುವುದು, ನಾನು ಅವರ ಅಡುಗೆಮನೆಯಲ್ಲಿ ಬಗ್ಗಿ ನಡೆಯುವುದು. ಹೊಸ ಬ್ಲಾಕ್ ವಿದೇಶದಿಂದ ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು.

ದಾರಿ ತೋರಿಸಿದವರು ಅಂಧೇರಿಯ ತಗಡಿನ ಗ್ಯಾರೇಜಿನ ಮಿಸ್ತ್ರಿ. ಮಂಗಳೂರು ಕಡೆಯವರು, ವಯಸ್ಸಾದವರು, ದಪ್ಪ ಕನ್ನಡಕ. ಕುರ್ಲಾದ ಗುಜರಿಯಲ್ಲಿ ಇದೇ ಗಾಡಿಯ ಪೆಟ್ರೋಲ್ ಎಂಜಿನ್ ಬಿದ್ದಿರುವುದನ್ನು ಅವರು ಕಂಡಿದ್ದರು.

"ಪೆಟ್ರೋಲ್ ಒಡಲಿನ್ಯಾಗ ಡೀಸೆಲ್ ಹೆಂಗ ಕುಂದರತೈತ್ರಿ?" ಎಂದು ನನ್ನ ಗಂಡ ಕೇಳಿದರು.

"ಕಂಪನಿಯವ ಎರಡಕ್ಕೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಮಾರಾಯ್ರೆ. ಒಳಗಿನ ಸಾಮಾನು ಮಾತ್ರ ಬೇರೆ. ನಿಮ್ಮ ಪಿಸ್ಟನ್, ನಿಮ್ಮ ಹೆಡ್ ತೆಗೆದು ಅದಕ್ಕೆ ಕೂರಿಸುವ. ಆಗ್ತದಾ ನೋಡುವ."

ಗುಜರಿಯಿಂದ ಆ ಎಂಜಿನ್ ತಂದ ಮೇಲೆ ಇವರು ಗ್ಯಾರೇಜು ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ನಾನೇ ಬುತ್ತಿ ಒಯ್ಯಬೇಕಾಯಿತು. ಹಾಗೆ ಹೋದವಳಿಗೆ ಡೀಸೆಲ್ಲಿನ ಗುಟ್ಟು ತಿಳಿದದ್ದು. ಪೆಟ್ರೋಲಿಗೆ ಕಿಡಿ ಕೊಡಬೇಕು, ಡೀಸೆಲ್ಲಿಗೆ ಕಿಡಿಯೇ ಬೇಡ, ಗಾಳಿಯನ್ನು ಒತ್ತಿ ಒತ್ತಿ ಹಿಂಡಿದರೆ ಅದೇ ಬೆಂಕಿಯಷ್ಟು ಕಾಯುತ್ತದೆ ಎಂದರು ಮಿಸ್ತ್ರಿ. ನನಗೆ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ಸೈಕಲ್ಲಿನ ಪಂಪು ಕೈಗೆ ಕೊಟ್ಟು, ಅದರ ಬಾಯಿಗೆ ಬೆರಳಿಟ್ಟು ಒತ್ತಿರಿ ಎಂದರು. ಹತ್ತಿಪ್ಪತ್ತು ಸಲ ಒತ್ತುವುದರಲ್ಲಿ ಪಂಪಿನ ತುದಿ ಬಿಸಿಯಾಯಿತು. ಬೆಂಕಿಯಿಲ್ಲ, ಕಡ್ಡಿ ಗೀರಿದ್ದಿಲ್ಲ, ಬರೀ ಗಾಳಿ! ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ಮನೆ ಮುಂದೆ ನಿಲ್ಲುತ್ತಿದ್ದ ಆ ಹೊಲಸು ಡಬ್ಬಿಯೊಳಗೆ ಇಂಥದ್ದೊಂದು ನಡೆಯುತ್ತಿತ್ತೇ ಎಂದು ಬೆರಗಾಗಿ ನಿಂತೆ.

ಶನಿವಾರ ಹೋದಾಗ ಮಿಸ್ತ್ರಿ ಪೆಟ್ರೋಲ್ ಬ್ಲಾಕಿನ ಮೇಲೆ ವರ್ತಮಾನ ಪತ್ರಿಕೆ ಹಾಸಿ, ಸಣ್ಣ ಸುತ್ತಿಗೆಯಿಂದ ಅಂಚು ಹಿಡಿದು ಮೆತ್ತಗೆ ಬಡಿಯುತ್ತಿದ್ದರು. ಬಡಿದಲ್ಲೆಲ್ಲ ಕಾಗದ ಕತ್ತರಿಸಿ, ಕೆಳಗಿನ ತೂತುಗಳು ಒಂದೊಂದಾಗಿ ಮೂಡುತ್ತಿದ್ದವು. ಡೀಸೆಲ್ ಹೆಡ್ಡಿಗೂ ಹಾಗೇ ಒಂದು ಕಾಗದ ತೆಗೆದಿದ್ದರು. ಹೆಡ್ ಎಂದರೆ ಬ್ಲಾಕಿನ ಮೇಲೆ ಕೂರುವ ಮುಚ್ಚಳ. ಬೋಲ್ಟಿನ ತೂತುಗಳನ್ನು ಎಣಿಸಿ, "ಎಲ್ಲಾ ಸರಿ ಉಂಟು, ನಾಳೆ ಕಟ್ಟುವ," ಎಂದರು.

ನನಗೆ ನಗು ಬಂತು. ಇದು ನನ್ನ ಕೆಲಸವಲ್ಲವೇ? ಜಂಪರಿಗೆ ನಾನೂ ಪತ್ರಿಕೆಯಲ್ಲೇ ಅಳತೆ ಕತ್ತರಿಸುವವಳು. ಎಡತೋಳಿಗೂ ಬಲತೋಳಿಗೂ ತಾಳೆ ನೋಡುವಾಗ ಒಂದು ಕಾಗದವನ್ನು ಮಗುಚಿ, ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿಯುತ್ತೇನೆ. ಕೈ ಸುಮ್ಮನಿರಲಿಲ್ಲ. ಹೆಡ್ಡಿನ ಕಾಗದ ಮಗುಚಿ, ಬ್ಲಾಕಿನದರ ಮೇಲಿಟ್ಟು, ಗ್ಯಾರೇಜಿನ ಬಾಗಿಲಲ್ಲಿ ಬಿಸಿಲಿಗೆ ಹಿಡಿದೆ. ತೂತುಗಳಿಂದ ಬೆಳಕು ತೂರಿ ಬಂತು. ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ಕಡೆ ಬರಲಿಲ್ಲ.

"ಅಣ್ಣಾರ, ಇಲ್ಲೊಂದು ಕಡೆ ಬೆಳಕ ಬರವಲ್ದು," ಎಂದೆ.

"ನಿನಗೇನ ತಿಳೀತೈತಿ, ಇಡು ಅದನ್ನ," ಎಂದು ನನ್ನ ಗಂಡ ಗದರಿದರು.

ಮಿಸ್ತ್ರಿ ಕನ್ನಡಕ ಒರೆಸಿಕೊಂಡು ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ನಾಲ್ಕನೇ ಸಿಲಿಂಡರಿಗೆ ನೀರು ಹತ್ತುವ ತೂತು," ಎಂದರು. "ಡೀಸೆಲ್ಲಿನ ಕಾವು ಜಾಸ್ತಿ, ಅದಕ್ಕೆ ಬೇಕು. ಪೆಟ್ರೋಲಿಗೆ ಬೇಡ ಅಂತ ಕಂಪನಿಯವ ಕೊರೆಯಲಿಲ್ಲ. ನಾನು ಬೋಲ್ಟು ಮಾತ್ರ ನೋಡಿದ್ದು. ಹೀಗೇ ಕಟ್ಟಿದ್ದರೆ ನೀರಿಲ್ಲದೆ ಅಲ್ಲಿಯೇ ಪುನಃ ಒಡೀತಿತ್ತು ಅಕ್ಕಾ."

ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಅಕ್ಕಾ ಎಂದರು. ನನ್ನ ಗಂಡ ಸುಟ್ಟ ಅಂಗೈಯನ್ನು ಮುಷ್ಟಿ ಮಾಡಿ ನಿಂತಿದ್ದರು.

ಮಿಸ್ತ್ರಿ ಹೆಡ್ಡಿನ ಕಾಗದವನ್ನು ಹಾಗೇ ಮಗುಚಿ ಬ್ಲಾಕಿನ ಮೇಲಿಟ್ಟು ಗುರುತು ಮಾಡಿ, ಕೈಡ್ರಿಲ್ಲಿನಿಂದ ಕೊರೆಯತೊಡಗಿದರು. ಸ್ವಲ್ಪ ಓರೆಯಾದರೆ ಇದ್ದ ಒಂದು ಬ್ಲಾಕೂ ಹಾಳು. ಕಪ್ಪು ಪುಡಿ ಉದುರುತ್ತಲೇ ಇತ್ತು. ಡ್ರಿಲ್ಲು ಥಟ್ಟನೆ ಒಳಗಿಳಿದಾಗ ಮೂವರೂ ಉಸಿರು ಬಿಟ್ಟೆವು. ಮಿಸ್ತ್ರಿ ಪಕ್ಕದ ತೂತಿಗೆ ಕಿಟಲಿಯಲ್ಲಿ ನೀರು ಹೊಯ್ದರು. ಕಬ್ಬಿಣದೊಳಗೆ ಎಲ್ಲೆಲ್ಲೋ ಸುತ್ತಿ ಆ ನೀರು ಹೊಸ ತೂತಿನಿಂದ ಮೇಲೆ ಬಂತು. ನಾನು ಕೈಮುಗಿದದ್ದು ಯಾರಿಗೆಂದು ಇವತ್ತಿಗೂ ಹೇಳಲಾರೆ.

ಭಾನುವಾರವಿಡೀ ಎಂಜಿನ್ ಕಟ್ಟಿದರು, ಬ್ರೇಕನ್ನೂ ಸರಿಮಾಡಿದರು. ಸೋಮವಾರ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಬೇಡವೆನ್ನುವ ಧೈರ್ಯ ನನ್ನ ಗಂಡನಿಗಿರಲಿಲ್ಲ. ಬ್ಲಾಕ್ ಬದಲಾದ ಬಗ್ಗೆ ಮಿಸ್ತ್ರಿ ಬರೆದುಕೊಟ್ಟ ಕಾಗದವನ್ನು ಸಾಹೇಬರು ಓದಿದರು. ಬಾನೆಟ್ಟು ಎತ್ತಿಸಿ ನೋಡಿದರು, ಓಡಿಸಿ ನೋಡಿದರು, ಕೊನೆಗೆ ಪಾಸಾಯಿತೆಂದು ಠಸ್ಸೆ ಒತ್ತಿದರು.

ಬರುವಾಗ ರೈಲ್ವೆ ಗೇಟು ಮುಚ್ಚಿತ್ತು. ಬಿಸಿಲು ಸುಡುತ್ತಿತ್ತು. ಎಂಜಿನ್ ಓಡುತ್ತಲೇ ಇತ್ತು. ನನ್ನ ಗಂಡನ ಕಣ್ಣು ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ಒಂದು ಲೋಕಲ್ ಹೋಯಿತು, ಇನ್ನೊಂದು ಹೋಯಿತು. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು.

ಹಿಂದೆ ತಿರುಗದೆ ಅವರು ಹೇಳಿದರು: "ಆವತ್ತ ಗಾಡಿ ಕುದ್ದಿತ್ತು. ಗಿರಾಕಿ ಅವಸರ ಮಾಡ್ತಿದ್ದ. ಆರೂತನಕ ತಡೀಲಿಲ್ಲ, ತಣ್ಣೀರ ಸುರಿದೆ. ಅದಕ್ಕ ಸೀಳ್ತು. ನಾನ ಒಡದದ್ದು."

"ಗೊತ್ತಿತ್ತು," ಎಂದೆ.

"ಹೆಂಗ?"

"ಕೈ ನೋಡಿದ್ನಲ್ಲ. ತಾನ ಸೀಳಿದ್ರ ನೀರ ಹಾಕೂ ಮುಚ್ಚಳಕ್ಕ ಕೈ ಯಾಕ ಹಾಕ್ತಿದ್ರಿ?"

"ಮತ್ತ ಅನ್ಲಿಲ್ಲ ನೀ."

"ನೀವ ಹೇಳ್ತೀರೇನಂತ ದಾರಿ ನೋಡಾಕತ್ತಿದ್ದೆ."

ಗೇಟು ತೆರೆಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಸುಟ್ಟ ಕೈಯಿಂದ ಕಣ್ಣೊರೆಸಿಕೊಂಡು, ಅದೇ ಕೈಯಿಂದ ಗೇರ್ ಹಾಕಿದರು.